ಖಾಲಿ ಸೈಟಿನ ಹುಡುಗರು: ಇವತ್ತೇ ಏನಾದರೂ ಮಾಡಿ

ಮೂಲೆ ಮನೆ, 5ನೇ ಕ್ರಾಸ್: ರಾತ್ರಿಯೆಲ್ಲ ನಿದ್ದೆ ಇಲ್ಲ. ಸೈಟಿನಲ್ಲಿ ಮತ್ತೆ ಅವರೇ. ಎರಡು ಗಂಟೆಗೆ ಒಬ್ಬ ನಮ್ಮ ಗೇಟು ಬಡಿದು, ಯಾರೋ ಕೊಲ್ಲೋಕೆ ಬರ್ತಿದ್ದಾರೆ ಅಂತ ಕಿರುಚಿದ. ಹಿಂದೆ ಯಾರೂ ಇರಲಿಲ್ಲ. ಮೂಗಲ್ಲಿ ರಕ್ತ, ಈ ಚಳಿಯಲ್ಲೂ ಅಂಗಿ ಬೆವರಿಗೆ ತೊಯ್ದಿತ್ತು, ಹಲ್ಲು ಕಟಕಟ ಕಡಿಯುತ್ತಿದ್ದ. ಇನ್ನೂ ಮೀಟಿಂಗ್ ಅಂತೀರಾ?

ಮೇಷ್ಟ್ರು: ಗಾಂಜಾ ಅಂತ ಯುಗಾದಿ ಹೊತ್ತಿಗೇ ಹೇಳಿದ್ದೆ. ಪಿಜಿಗೆ ಮನೆ ಕೊಟ್ಟವರೇ ಹೊಣೆ.

ಡಾಕ್ಟರ್ ಮೇಡಂ: ಗಾಂಜಾ ಥರ ಇಲ್ಲ ಸರ್. ಎಂ.ಡಿ., ಅಂದ್ರೆ ಮೆಫೆಡ್ರೋನ್ ಇರಬಹುದು. ಮೂಗಿನಿಂದ ಎಳೆಯೋ ಪುಡಿ. ಅಮಲು ಬೇಗ ಇಳಿಯುತ್ತೆ, ಅದಕ್ಕೇ ರಾತ್ರಿಯೆಲ್ಲ ಮತ್ತೆ ಮತ್ತೆ ಎಳೀತಾರೆ. ಎದೆಬಡಿತ ಏರುತ್ತೆ, ಮೈ ಕಾಯುತ್ತೆ, ಇಲ್ಲದ್ದು ಕಾಣುತ್ತೆ. ಜೀವವೂ ಹೋಗಬಹುದು. ಹೊಡೀಬೇಡಿ, ಕಟ್ಟಿಹಾಕಬೇಡಿ. 108ಕ್ಕೆ ಫೋನ್ ಮಾಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ.

ಮಹಡಿ ಮನೆ: ಮಿಯಾಂವ್ ಮಿಯಾಂವ್ ಅಂತಾರಲ್ಲ, ಅದಾ? ನಾನು ಬೆಕ್ಕು ಜಾಸ್ತಿ ಆಗಿವೆ ಅಂದ್ಕೊಂಡಿದ್ದೆ 😀

ಮೂಲೆ ಮನೆ: ತಮಾಷೆ ಬೇಡ ಅಣ್ಣ. ನನ್ನ ಮಗಳು ಕತ್ತಲಿರುವಾಗಲೇ ಟ್ಯೂಷನ್‌ಗೆ ಅದೇ ದಾರೀಲಿ ಹೋಗ್ತಾಳೆ.

ಮೇಷ್ಟ್ರು: ಅದು ಗಿಡದ ಗೊಬ್ಬರವಂತೆ, ಕಾನೂನೇ ಇಲ್ಲವಂತೆ. 2025ರ ಜುಲೈನಲ್ಲಿ ನಮ್ಮ ಮೈಸೂರಲ್ಲೇ ಕಾರ್ಖಾನೆ ಹಿಡಿಯೋಕೆ ಮುಂಬೈ ಪೊಲೀಸರು ಬರಬೇಕಾಯ್ತು!

ಲಾಯರ್, 2ನೇ ಮೇನ್: ಗೊಬ್ಬರ ಅನ್ನೋದು ಮಾರುವವರು ಅಂಟಿಸಿದ ಲೇಬಲ್ ಮೇಷ್ಟ್ರೇ. 2015ರಿಂದ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. 50 ಗ್ರಾಂ ಮೀರಿದರೆ ಕನಿಷ್ಠ 10 ವರ್ಷ ಜೈಲು. ಮಾರುವವರ ಬಗ್ಗೆ ಸರ್ಕಾರದ ಡ್ರಗ್ಸ್ ಸಹಾಯವಾಣಿ 1933ಕ್ಕೆ ಹೆಸರು ಹೇಳದೆ ತಿಳಿಸಬಹುದು. ಚಟ ಬಿಡಿಸೋಕೆ ಸಲಹೆ ಬೇಕಿದ್ದರೆ 14446.

ಶ್ರೀನಿಲಯ: 🙏 ಎಲ್ಲ ತಂದೆತಾಯಂದಿರೂ ಓದಿ! ಶಾಲೆ ಹತ್ತಿರ ಸ್ಟ್ರಾಬೆರಿ ಮಿಠಾಯಿಯಲ್ಲಿ ಡ್ರಗ್ಸ್! 20 ಜನಕ್ಕೆ ಕಳಿಸಿ!

ಡಾಕ್ಟರ್ ಮೇಡಂ: ಅಕ್ಕಾ, ಅದು ಎಷ್ಟೋ ವರ್ಷದಿಂದ ಸುತ್ತುತ್ತಿರೋ ಸುಳ್ಳು ಸುದ್ದಿ. ರಾತ್ರಿ ಬಂದ ಆ ಹುಡುಗ ಈಗ ಎಲ್ಲಿದ್ದಾನೆ? ಆಸ್ಪತ್ರೆಗೆ ಸೇರಿಸಿದ್ರಾ?

ಮೇಷ್ಟ್ರು: ಅವನ ಚಿಂತೆ ಆಮೇಲೆ. ಮೊದಲು ಸೈಟಿಗೆ ಬೇಲಿ. ಖರ್ಚು ಪಿಜಿ ಓನರ್‌ದು.

ಪಿಜಿ ಓನರ್: ಎಲ್ಲದಕ್ಕೂ ನಮ್ಮ ಪಿಜಿ ಹುಡುಗರನ್ನೇ ಹಿಡೀತೀರಲ್ಲ ಮೇಷ್ಟ್ರೇ? ಆ ಸೈಟಿಗೆ ಕಸ ಸುರಿದು ಕೊಂಪೆ ಮಾಡಿದ್ದು ನಿಮ್ಮ ರಸ್ತೆಯವರು.

ಮೇಷ್ಟ್ರು: ಕಸದ ಗಾಡಿ ಬರದಿದ್ದರೆ ಎಲ್ಲಿ ಹಾಕೋದು?

ಶ್ರೀನಿಲಯ: ನಮ್ಮ ಕಡೆಗೂ ಸೋಮವಾರದಿಂದ ಬಂದಿಲ್ಲ.

ಕಾರ್ಯದರ್ಶಿ: ಸರಿ, ಭಾನುವಾರ 10ಕ್ಕೆ ಪಾರ್ಕಿನಲ್ಲಿ ಸೇರೋಣ. ಮೊದಲು ಕಸದ ಗಾಡಿ, ಆಮೇಲೆ ಬೇಲಿ.

ಮೂಲೆ ಮನೆ: ಠಾಣೆಗೆ ಅರ್ಜಿ? ಆ ಹುಡುಗನ ವಿಷಯ?

ಕಾರ್ಯದರ್ಶಿ: ಟೈಮ್ ಉಳಿದರೆ ತಗೊಳ್ಳೋಣಮ್ಮ.

ಮೂಲೆ ಮನೆ: ನಾನು ಕಾಯಲ್ಲ. ಈಗಲೇ 1933ಕ್ಕೆ ಫೋನ್ ಮಾಡ್ತೀನಿ. ಮೇಡಂ, ನೀವು ಬಂದರೆ ಪಿಜಿಯಲ್ಲಿ ಅವನನ್ನ ಹುಡುಕೋಣ.