ಸಹಾಯ ಬೇಕು: ಬ್ರೆಜಿಲ್‌ನ ಬೋಸಾ ನೋವಾ ಸಂಗೀತದಲ್ಲಿ ಪಿಯಾನೊ ಎಡಗೈ ಏನು ಮಾಡಬೇಕು?

ಪಿಯಾನೊ ಗೊತ್ತಿರುವವರು ಯಾರಾದ್ರೂ ಇದ್ದೀರಾ? ಜಾಝ್ ಪಿಯಾನೊ ವಾದಕ ವಿನ್ಸ್ ಗುರಾಲ್ಡಿ ಅವರ 1962ರ 'ಜಾಝ್ ಇಂಪ್ರೆಷನ್ಸ್ ಆಫ್ ಬ್ಲ್ಯಾಕ್ ಆರ್ಫಿಯಸ್' ಆಲ್ಬಂ ಹಿಡಿದುಕೊಂಡು ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ. ರಿಯೊದಲ್ಲಿ ನಡೆಯುವ 'ಬ್ಲ್ಯಾಕ್ ಆರ್ಫಿಯಸ್' ಅನ್ನೋ 1959ರ ಸಿನಿಮಾದ ಹಾಡುಗಳನ್ನು ಈ ಸ್ಯಾನ್ ಫ್ರಾನ್ಸಿಸ್ಕೋದ ಮನುಷ್ಯ ಬೇಸ್, ಡ್ರಮ್ಸ್ ಜೊತೆ ನುಡಿಸಿದ್ದು. (ಜಾಸ್ತಿ ಹಿಟ್ ಆಗಿದ್ದು ಮಾತ್ರ ಸಿನಿಮಾಗೆ ಸಂಬಂಧವೇ ಇಲ್ಲದ 'ಕ್ಯಾಸ್ಟ್ ಯುವರ್ ಫೇಟ್ ಟು ದ ವಿಂಡ್', ಅದಿರಲಿ.)

ನನಗೆ ಬೇಕಿರುವುದು ಅದೇ ಸಿನಿಮಾದ, ಲೂಯಿಸ್ ಬೊನ್ಫಾ ಅವರ 'ಮನ್ಯಾ ಡಿ ಕಾರ್ನವಾಲ್' ಹಾಡು. ಎ ಮೈನರ್‌ನಲ್ಲಿ ಬಲಗೈ ರಾಗ ಸಲೀಸಾಗಿ ಬರುತ್ತೆ. ತೊಂದರೆ ಎಡಗೈದು. ಕಿರುಬೆರಳಲ್ಲಿ ಎ, ಹೆಬ್ಬೆರಳಲ್ಲಿ ಇ, ಹೀಗೆ ಬೇಸ್ (ಕೆಳಗಿನ ತಗ್ಗು ಸ್ವರ) ಹಿಡಿದರೆ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಬೆರಳೇ ಉಳಿಯಲ್ಲ. ಕಾರ್ಡ್ ಹಿಡಿದರೆ ಕೆಳಗೆ ಖಾಲಿ ಖಾಲಿ.

ಲಯ ತಟ್ಟುವ ಮೆಟ್ರೊನೋಮನ್ನು ನಿಮಿಷಕ್ಕೆ 60 ತಟ್ಟಿಗೆ ಇಳಿಸಿದೆ, ವಿಡಿಯೊ ಅರ್ಧ ವೇಗದಲ್ಲಿ ನೋಡಿದೆ, ಚಿಕ್ಕಂದಿನಲ್ಲಿ ಕಲಿತ ಆದಿತಾಳ ತೊಡೆ ಮೇಲೆ ತಟ್ಟಿಕೊಂಡು ಕಾರ್ಡ್‌ಗಳನ್ನು ಅನಾಗತ ಎಡುಪಿನ ಹಾಗೆ (ತಾಳದ ತಟ್ಟು ಬಿದ್ದ ಮೇಲೆ ಶುರುವಾಗುವಂತೆ) ಎಣಿಸಿದೆ. ಎರಡು ಸಾಲು ಸರಿ ಹೋಗುತ್ತೆ, ಮೂರನೇದರಲ್ಲಿ ಎಡಗೈ ಸುಮ್ನೆ ಬಲಗೈ ಹಿಂದೆ ಓಡಿಬಿಡುತ್ತೆ. ಗಿಟಾರಲ್ಲಾದ್ರೆ ಹೆಬ್ಬೆರಳು ಬೇಸ್, ಉಳಿದ ಬೆರಳು ಕಾರ್ಡ್, ಅಲ್ವಾ? ಗುರಾಲ್ಡಿಗೆ ಬೇಸ್ ನುಡಿಸೋಕೆ ಬೇರೆ ಆಳಿದ್ದ. ನನಗೆ ಯಾರೂ ಇಲ್ಲ!

ಒಬ್ಬರೇ ನುಡಿಸುವಾಗ ಎಡಗೈಯಲ್ಲಿ ಬೇಸ್ ಮಾತ್ರ ಇಟ್ಟು, ಕಾರ್ಡನ್ನು ಬಲಗೈಯಲ್ಲಿ ರಾಗದ ಕೆಳಗೆ ಸೇರಿಸಬೇಕಾ? ಅಥವಾ ಬೇಸ್ ಬಿಟ್ಟು ಎಡಗೈಯಲ್ಲಿ ಕಾರ್ಡ್ ಮಾತ್ರ ಸಾಕಾ?