82 ಟೆಸ್ಟಿನ ಪ್ಯಾಕೇಜ್ ಮಾಡಿಸಬೇಕಾ? ನನಗೆ 36, ಅಮ್ಮನಿಗೆ 59

ತುಂಗಾತೀರ:
ಶಿವಮೊಗ್ಗದಲ್ಲಿದ್ದೇವೆ, ನನಗೆ ಇಬ್ಬರು ಹೆಣ್ಣುಮಕ್ಕಳು. ಮೊನ್ನೆ ಒಂದು ಲ್ಯಾಬ್‌ನವರು ಫೋನ್ ಮಾಡಿ, ಹೆಂಗಸರಿಗೆ ಅಂತಲೇ ಫುಲ್ ಬಾಡಿ ಪ್ಯಾಕೇಜ್ ಇದೆ, 82 ಟೆಸ್ಟ್, 2,499 ರೂಪಾಯಿ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತೇವೆ, ಅಮ್ಮನನ್ನೂ ಸೇರಿಸಿದರೆ ಇನ್ನೂ ಕಡಿಮೆ ಮಾಡುತ್ತೇವೆ ಅಂತ ಒಂದೇ ಉಸಿರಲ್ಲಿ ಹೇಳಿದರು. ಪಟ್ಟಿ ಕಳಿಸಿದ್ದಾರೆ, ಅರ್ಧ ಅರ್ಥವಾಗಲಿಲ್ಲ. ವಿಟಮಿನ್ ಡಿ, ಥೈರಾಯ್ಡ್, ಸಿಎ-125 ಅಂತ ಇನ್ನೇನೋ. ನಮಗಿಬ್ಬರಿಗೂ ಸದ್ಯಕ್ಕೆ ಏನೂ ತೊಂದರೆ ಇಲ್ಲ. ಅಮ್ಮ ಅಂತೂ "ಚೆನ್ನಾಗಿರೋಳನ್ನ ಯಾಕೆ ಎಳೀತೀಯ, ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ" ಅನ್ನುತ್ತಾಳೆ. ಮಾಡಿಸಬಹುದಾ, ಸುಮ್ನೆ ದಂಡವಾ? ದೊಡ್ಡ ಮಗಳಿಗೆ 11, ಅವಳಿಗೂ ಏನಾದರೂ ಬೇಕಾ?

ಸಿಸ್ಟರಮ್ಮ:
82 ಅಂತ ಮರುಳಾಗಬೇಡಿ, ಸಿಬಿಸಿ ಅನ್ನೋ ಒಂದೇ ರಕ್ತ ಪರೀಕ್ಷೆಯನ್ನೇ ಇಪ್ಪತ್ತು ಅಂತ ಎಣಿಸುತ್ತಾರೆ. ನಾನು ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು, ಇಂಥ ಪಟ್ಟಿ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ವಯಸ್ಸಿಗೆ ಮುಖ್ಯವಾಗಿ ಬೇಕಾದದ್ದೇ ಅದರಲ್ಲಿ ಇರುವುದಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮನೆಗೆ ಬಂದು ರಕ್ತ ತೆಗೆದರೆ ಗೊತ್ತಾಗುವುದಲ್ಲ, ಅಲ್ಲಿಯೇ ನೋಡಬೇಕು. ಆ ಜಾಗದ ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಆದರೆ 3 ವರ್ಷಕ್ಕೊಮ್ಮೆ, ಆ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಟೆಸ್ಟ್ ಆದರೆ 5 ವರ್ಷಕ್ಕೊಮ್ಮೆ ಸಾಕು. ಸರ್ಕಾರದ ಕಡೆಯಿಂದ 30ರಿಂದ 65ರವರೆಗೆ 5 ವರ್ಷಕ್ಕೊಮ್ಮೆ ವಿಐಎ ಅಂತ ಮಾಡುತ್ತಾರೆ, ದುಡ್ಡಿಲ್ಲ. ವಿನೆಗರ್ ಥರದ ದ್ರಾವಣ ಹಚ್ಚಿ ಒಂದು ನಿಮಿಷ ಕಾದು ನೋಡುವುದು, ಬಿಳಿ ಮಚ್ಚೆ ಎದ್ದರೆ ಮುಂದಿನ ಪರೀಕ್ಷೆ, ಅಷ್ಟೇ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಎಲ್ಲಿ ಅಂತ ಹೇಳುತ್ತಾರೆ. ಬಿ.ಪಿ., ಶುಗರ್, ಸ್ತನ, ಬಾಯಿ ಎಲ್ಲಾ ಜೊತೆಗೇ ನೋಡಬೇಕು ಅಂತ ನಿಯಮವೇ ಇದೆ.

ಅಮ್ಮನಿಗೆ ವಿಐಎ ಬೇಡ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪ್ಯಾಪ್ ಅಥವಾ ಎಚ್‌ಪಿವಿ ಮಾಡಿಸಿ. ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಒಳ್ಳೆಯದು. ಮೂಳೆ ಸ್ಕ್ಯಾನ್ 65ಕ್ಕೆ, ಬಿದ್ದು ಮೂಳೆ ಮುರಿದಿದ್ದರೆ ಮೊದಲೇ. ಇನ್ನೊಂದು ಮಾತು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಒಂದು ಹನಿ ಅಂದರೆ ಒಂದೇ ಹನಿ.

ಸಿಎ-125 ಅಂದರೆ ಅಂಡಾಶಯದ ಕ್ಯಾನ್ಸರ್‌ಗೆ ಅಂತ ನೋಡುವ ರಕ್ತ ಪರೀಕ್ಷೆ, ಅದನ್ನು ತೆಗೆಸಿಹಾಕಿ. ತೊಂದರೆ ಇಲ್ಲದವರಿಗೆ ಅದು ಬೇಡವೇ ಬೇಡ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಂಟು ಇದ್ದರೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರುತ್ತದೆ, ಆಮೇಲೆ ನಿದ್ದೆ ಇಲ್ಲದೆ ಸ್ಕ್ಯಾನಿಂಗ್‌ಗೆ ಅಲೆಯುವವರು ನೀವು. ಅಮ್ಮ ಹೇಳಿದ್ದು ಈ ವಿಷಯದಲ್ಲಿ ಮಾತ್ರ ನಿಜ!

ಮಗಳಿಗೆ ಟೆಸ್ಟ್ ಅಲ್ಲ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ. 9ರಿಂದ 14ರೊಳಗೆ ಹಾಕಿಸಿದರೆ ಎರಡು ಡೋಸ್ ಸಾಕು. ಮಕ್ಕಳ ಡಾಕ್ಟರನ್ನು ಕೇಳಿ. ಮುಟ್ಟು ಶುರುವಾದ ಮೇಲೆ ಹಿಮೋಗ್ಲೋಬಿನ್ ನೋಡಿಸುತ್ತಿರಿ.

ಜೋಳದರೊಟ್ಟಿ:
ಸಿಸ್ಟರಮ್ಮ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ ಅಕ್ಕಾ. ಬಸುರಿಯಾಗಿದ್ದಾಗ ನಿಮಗೆ ಶುಗರ್ ಬಂದಿತ್ತಾ? ನನಗೆ ಎರಡನೆಯವನ ಹೊತ್ತಿಗೆ ಬಂದಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ್ದರು, ಆ ಸಿಹಿ ನೆನೆದರೆ ಈಗಲೂ ವಾಕರಿಕೆ. ಹೆರಿಗೆಯಾದ ಮೇಲೆ ನಾರ್ಮಲ್ ಆಯಿತು, ಆರು ವಾರ ಬಿಟ್ಟು ಬನ್ನಿ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ ಅಂದಿದ್ದರು. ಬಾಣಂತನ, ಕೂಸು, ಕೆಲಸ, ಯಾರು ಹೋಗುತ್ತಾರೆ? ಐದು ವರ್ಷ ಆದ ಮೇಲೆ ಕಾಲಿನ ಗಾಯ ಮಾಯಲಿಲ್ಲ ಅಂತ ಹೋದರೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 8.1. 6.5 ದಾಟಿದರೆ ಡಯಾಬಿಟಿಸ್ ಅಂತ ಆವತ್ತು ಗೊತ್ತಾಯಿತು. ಮಗನಿಗೆ ಒಂದು ಲಸಿಕೆ ತಪ್ಪಿಸಿದವಳಲ್ಲ ನಾನು.

ತುಂಗಾತೀರ:
ಇಲ್ಲ, ನನಗೆ ಬಂದಿರಲಿಲ್ಲ. ಸಿಸ್ಟರ್, ಪ್ಯಾಪ್ ನೋವಾಗುತ್ತಾ? ನಿಜ ಹೇಳಿ, ನಾಚಿಕೆಯೂ ಆಗುತ್ತಿದೆ.

ಸಿಸ್ಟರಮ್ಮ:
ನೋವಿಗಿಂತ ಮುಜುಗರ ಜಾಸ್ತಿ. ಹೆರಿಗೆಗಿಂತ ಕಷ್ಟವಾ ಅಂತ ಕೇಳುವವರ ಮಾತು ಬಿಡಿ, ಮುಜುಗರ ಮುಜುಗರವೇ. ಒಳಗೆ ಹಾಕುವ ಉಪಕರಣ ತಣ್ಣಗಿರುತ್ತದೆ, ಸೊಂಟ ಬಿಗಿ ಹಿಡಿದರೆ ಒತ್ತುತ್ತದೆ, ಬಾಯಲ್ಲಿ ಉಸಿರು ಬಿಡಿ. ಎರಡು ಮೂರು ನಿಮಿಷ. ಮುಟ್ಟಿನ ದಿನ ಬೇಡ, ಹಿಂದಿನ ಎರಡು ದಿನ ಗಂಡ ಹೆಂಡಿರು ಸೇರಬಾರದು, ಒಳಗೆ ಇಡುವ ಮಾತ್ರೆಯೂ ಬೇಡ. ಲೇಡಿ ಡಾಕ್ಟರೇ ಬೇಕು ಅಂತ ಚೀಟಿ ಮಾಡಿಸುವಾಗಲೇ ಹೇಳಿ, ಕೇಳಿದರೆ ತಪ್ಪೇನೂ ಇಲ್ಲ.

ತುಂಗಾತೀರ:
ಲ್ಯಾಬ್‌ನವರಿಗೆ ಫೋನ್ ಮಾಡಿ ಪ್ಯಾಪ್ ಇದೆಯಾ ಅಂದೆ. "ಅದು ಫಾಸ್ಟಿಂಗಲ್ಲಿ ಮಾಡೋದಾ ಮೇಡಂ?" ಅಂತ ನನ್ನನ್ನೇ ಕೇಳಿದರು. ಬೇಡ ಅಂದುಬಿಟ್ಟೆ.

ಆದರೆ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನೆ ರಾತ್ರಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ನೀವು ಬರೆದದ್ದನ್ನು ಓದಿ ಹೇಳಿದೆ. ಒಂದು ಹನಿ ಅನ್ನುವಲ್ಲಿ ಕೈ ನಿಂತಿತು. "ದೀಪಾವಳಿ ಹೊತ್ತಿಗೆ ಎರಡು ದಿನ ಕಂಡಿತ್ತು ಕಣೇ, ಉಷ್ಣಕ್ಕೆ ಅಂದ್ಕೊಂಡು ಮೆಂತ್ಯ ನೆನೆಸಿ ಕುಡಿದೆ" ಅಂದಳು. ನಾಳೆ ಬೆಳಗ್ಗೆ ಹೋಗುತ್ತಿದ್ದೇವೆ.

ಸಿಸ್ಟರಮ್ಮ:
ಹೋಗಿ ಬನ್ನಿ. ಹೆಚ್ಚಿನ ಸಲ ಸಣ್ಣ ಕಾರಣವೇ ಇರುತ್ತದೆ, ಆದರೂ ನೋಡಲೇಬೇಕು. ಚೆಕಪ್‌ಗೆ ಬಂದೆವು ಅನ್ನಬೇಡಿ, ಕೂತ ಕೂಡಲೇ ಈ ದೀಪಾವಳಿ ಮಾತನ್ನೇ ಮೊದಲು ಹೇಳಿ. ಅಮ್ಮ ಹೇಳದಿದ್ದರೆ ನೀವು ಹೇಳಿ.