ಆಶ್ರಮದಲ್ಲಿ ಅಮ್ಮ ಸ್ನಾನಕ್ಕೆ ಒಪ್ಪುತ್ತಿಲ್ಲ

ಪ್ರಶ್ನೆ: ಸಿಸ್ಟರ್, ಅಮ್ಮನಿಗೆ 81 ವರ್ಷ, ಮರೆವಿನ ಕಾಯಿಲೆ. ಆರು ತಿಂಗಳಿಂದ ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಸ್ನಾನವೆಂದರೆ ಕಿರುಚುತ್ತಾರೆ, ಆಯಾಗೆ ಹೊಡೆಯಲು ಹೋಗುತ್ತಾರೆ. ಮನೆಯಲ್ಲಿ ಸ್ನಾನವಾಗದೆ ಕಾಫಿ ಮುಟ್ಟದವರು! ತಲೆಗೂದಲು ಕತ್ತರಿಸಿಬಿಟ್ಟರೆ ಸುಲಭ ಎನ್ನುತ್ತಿದ್ದಾರೆ ಆಶ್ರಮದವರು. ಒಪ್ಪಲೇ?

ಉತ್ತರ (ಹಿರಿಯರ ಆರೈಕೆಯ ನರ್ಸ್): ಕೂದಲಿನ ಮಾತು ಆಮೇಲೆ. ಅಲ್ಲಿರುವುದು ಶವರ್ ತಾನೇ? ಜೀವಮಾನವಿಡೀ ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡವರಿಗೆ ನೆತ್ತಿಯ ಮೇಲಿಂದ ದಬದಬನೆ ನೀರು ಬಿದ್ದರೆ ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ. ಜೊತೆಗೆ ಚಳಿ, ಗುರುತಿಲ್ಲದವರ ಮುಂದೆ ಸೀರೆ ಬಿಚ್ಚುವ ನಾಚಿಕೆ. ಇದನ್ನು ಹಟ ಎನ್ನಬೇಡಿ.

ಬಕೆಟ್, ಚೊಂಬು, ಜಾರದ ಕುರ್ಚಿ ಇಡಿಸಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಆಯಾಗಳ ಅಂಗೈ ಬಿಸಿಗೆ ಒಗ್ಗಿಹೋಗಿರುತ್ತದೆ. ಚೊಂಬನ್ನು ಅಮ್ಮನ ಕೈಗೇ ಕೊಟ್ಟು ಮೊದಲು ಪಾದಕ್ಕೆ ಹೊಯ್ದುಕೊಳ್ಳಲು ಬಿಡಿ. ಮೈಮೇಲೆ ಟವೆಲ್ ಹೊದಿಸಿ ಅದರಡಿಯಲ್ಲೇ ತೊಳೆಯಬಹುದು. ತಲೆಗೆ ಬೇರೆ ದಿನ. ನಾನು ನೋಡಿಕೊಂಡ ಅಜ್ಜಿಯೊಬ್ಬರು ಮಗಳ ಹೆಸರನ್ನೇ ಮರೆತಿದ್ದರು. ಚೊಂಬು ಕೈಗೆ ಬಂದ ಕೂಡಲೇ ಗಂಗೆ ಯಮುನೆಯರ ಶ್ಲೋಕ ಶುರು ಮಾಡುತ್ತಿದ್ದರು.

ದಿನವೂ ಪೂರ್ತಿ ಸ್ನಾನ ಬೇಕಿಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ಮುಖ, ಕಂಕುಳು, ಎದೆಯ ಅಡಿ, ತೊಡೆಸಂದು ಒರೆಸಿ, ಒಣಗಿಸಿ. ಪೌಡರ್ ಸುರಿಯಬೇಡಿ, ಬೆವರಿಗೆ ಮುದ್ದೆಗಟ್ಟುತ್ತದೆ.

ಕೂದಲು ಅಮ್ಮನದು, ಅವರನ್ನೇ ಕೇಳಿ. ಮಾತಿನಲ್ಲಿ ಹೇಳಲಾಗದಿದ್ದರೆ ಬಾಚುವಾಗ ಮುಖ ನೋಡಿ, ಗೊತ್ತಾಗುತ್ತದೆ. ಸಡಿಲ ಜಡೆ ಹೆಣೆದು ಪಕ್ಕಕ್ಕೆ ಹಾಕಿದರೆ ದಿಂಬಿಗೆ ಉಜ್ಜಿ ಸಿಕ್ಕಾಗುವುದಿಲ್ಲ. ಕೆಲಸ ಹಗುರವಾಗಲಿ ಎಂದು ಕತ್ತರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಮರುಪ್ರಶ್ನೆ: ಇನ್ನೊಂದು ವಿಷಯ. ಸೊಂಟದ ಕೆಳಗೆ ಮೂಳೆಯ ಹತ್ತಿರ ಕೆಂಪಗಾಗಿದೆ. ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದ್ದಾರಂತೆ.

ಉತ್ತರ: ತಿಕ್ಕುವುದನ್ನು ಇವತ್ತೇ ನಿಲ್ಲಿಸಿ! ಕೆಂಪಾದಲ್ಲಿ ಬೆರಳಿನಿಂದ ಒತ್ತಿ ಬಿಡಿ. ಬಣ್ಣ ತಿಳಿಯಾಗದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ವೈದ್ಯರಿಗೆ ತೋರಿಸಿ. ಮಲಗಿದಲ್ಲಿ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು, ಏರ್ ಬೆಡ್ ತಂದರೂ ಅದು ತಪ್ಪದು. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಸುತ್ತಲಿನ ರಕ್ತಸಂಚಾರವನ್ನೇ ಅದು ತಡೆಯುತ್ತದೆ. ಡಯಾಪರ್ ಒದ್ದೆಯಾದೊಡನೆ ತೆಗೆಯಲಿ.

ಮಗ್ಗುಲು ಬದಲಿಸಿದ ಹೊತ್ತು ಬರೆಯುವ ಹಾಳೆ ಕೇಳಿ ನೋಡಿ. ರಾತ್ರಿಯ ಸಾಲುಗಳೆಲ್ಲ ಒಂದೇ ಉಸಿರಿನಲ್ಲಿ ಗೀಚಿದಂತಿದ್ದರೆ ಮ್ಯಾನೇಜರ್ ಹತ್ತಿರ ಮಾತನಾಡಿ. ಆಯಾಳ ಮೇಲೆ ರೇಗಬೇಡಿ, ರಾತ್ರಿ ಪಾಳಿಯಲ್ಲಿ ಎಷ್ಟು ಜನಕ್ಕೆ ಅವರೊಬ್ಬರೇ ಇರುತ್ತಾರೋ. ಯಾರೂ ಕಿವಿಗೊಡದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ಮರುಪ್ರಶ್ನೆ: ಮನೆಯ ಹಿತ್ತಾಳೆ ಚೊಂಬನ್ನೇ ಒಯ್ಯಲೇ, ಸಿಸ್ಟರ್?

ಉತ್ತರ: ಒಯ್ಯಿರಿ, ಭಾರವಿಲ್ಲದ್ದು. ಹೆಸರು ಕೆತ್ತಿಸಿ ಕೊಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಅಡುಗೆಮನೆ ಸೇರಿರುತ್ತದೆ.